ಅಮಾವಾಸ್ಯೆಯ ಅರವತ್ತು ಟ್ಯೂಬು

ಕುಷ್ಟಗಿ
೨೫ ಜೂನ್ ೨೦೨೫, ಬುಧವಾರ

ಅನೂ,

ಈ ಕಾಗದವನ್ನು ಐಸ್ ಡಬ್ಬಿಯ ಮುಚ್ಚಳಕ್ಕೆ ಟೇಪು ಹಚ್ಚಿ ಕಳಿಸುತ್ತಿದ್ದೇನೆ. ಒದ್ದೆಯಾಗಿದ್ದರೆ ಒಣಗಿಸಿ ಓದು. ಫೋನ್ ಮಾಡಿದರೆ ನೀನೊಂದು "ಹೂಂ", ನಾನೊಂದು "ಹೂಂ", ಅಲ್ಲಿಗೆ ಮುಗಿಯುತ್ತದೆ. ಅವ್ವ ಹೋಗಿ ಎರಡು ವರ್ಷವಾಯಿತು, ಒಡಹುಟ್ಟಿದವರು ಇಷ್ಟೇ ಮಾತಾಡಿದ್ದೇವೆ. ಕಾಗದದಲ್ಲಾದರೆ ನಿನಗೆ ನಡುವೆ ಫೋನ್ ಇಡಲು ಬರುವುದಿಲ್ಲ.

ನಿಮ್ಮ ಧಾರವಾಡದ ಲ್ಯಾಬಿನವರಿಗೆ ಒಂದು ಮಾತು ಕೇಳಬೇಕು. ರಕ್ತ ತೆಗೆಯುವ ಕ್ಯಾಂಪನ್ನು ಮಣ್ಣೆತ್ತಿನ ಅಮಾವಾಸ್ಯೆಯ ದಿನ ಇಟ್ಟ ಪುಣ್ಯಾತ್ಮ ಯಾರು? ನಿಮ್ಮ ಕ್ಯಾಲೆಂಡರಿನಲ್ಲಿ ಭಾನುವಾರ ಬಿಟ್ಟರೆ ಬೇರೆ ಹಬ್ಬ ಹುಣ್ಣಿಮೆಯೇ ಇಲ್ಲವೇನು? ಮನೆಮನೆಯಲ್ಲಿ ಮಣ್ಣಿನ ಎತ್ತು ಮಾಡಿ ಪೂಜೆಗೆ ಇಟ್ಟಿದ್ದಾರೆ, ಹೋಳಿಗೆಗೆ ಬೇಳೆ ಬೇಯುತ್ತಿದೆ, ನಾನು ಆಶಾ ಕಾರ್ಯಕರ್ತೆಯ ಸೀರೆ ಉಟ್ಟು "ರಕ್ತ ಕೊಡ್ರಿ" ಎಂದು ಬಾಗಿಲು ಬಡಿಯುತ್ತಿದ್ದೇನೆ. ಮುದಕಮ್ಮ ಒಳಗಿನಿಂದಲೇ ಕೂಗಿದಳು: "ಅಮಾಸಿ ದಿನ ಮನ್ಯಾಗಿಂದ ಉಪ್ಪು ಸುದ್ದಾ ಹೊರಗ ಕೊಡಂಗಿಲ್ಲ ನಾವು. ರಕ್ತ ಕೊಡಂತೀಯಲ್ಲ ಹೇಮಾವತಿ, ನಿನಗೇನಾಗೇತಿ?"

ಆದರೂ ಅರವತ್ತು ಟ್ಯೂಬು ತುಂಬಿವೆ, ಎಣಿಸಿಕೋ. ಹೆಸರು ಬರೆದಿಲ್ಲ, ನೀವು ಹೇಳಿದ ಹಾಗೆ ನಂಬರ್ ಅಷ್ಟೇ. ಯಾವ ನಂಬರ್ ಯಾರದೆಂಬ ರಿಜಿಸ್ಟರ್ ನನ್ನ ಹತ್ತಿರವೂ ನರ್ಸ್ ಇಮಾಮಬೀ ಹತ್ತಿರವೂ ಇದೆ. ಹೇಗೆ ತುಂಬಿದವು ಎಂಬುದು ನನ್ನ ಕಷ್ಟ, ನಿನಗೆ ಬೇಡ. ನಿನ್ನ ನಾಲ್ಕು ವರ್ಷದ ಕೆಲಸ ನನ್ನ ಊರಿನ ಹೆಂಗಸರಿಂದ ನಿಂತಿತು ಎನ್ನಿಸಿಕೊಳ್ಳುವುದು ಬೇಡವಾಗಿತ್ತು.

ಬಸ್ಸಿಗೆ ಹೊತ್ತಾಯಿತು. ಈ ರಕ್ತವನ್ನು ನೀವು ಏನು ಮಾಡುತ್ತೀರೆಂದು ಹೆಂಗಸರು ಕೇಳುತ್ತಾರೆ. ನನಗೆ ತಿಳಿಯುವ ಹಾಗೆ ಬರೆ.

ನಿನ್ನ ಅಕ್ಕ,
ಹೇಮಾವತಿ

*

ಧಾರವಾಡ
೧೧ ಜುಲೈ ೨೦೨೫

ಅಕ್ಕಾ,

ಅರವತ್ತೂ ಸಿಕ್ಕಿವೆ. ಒಂದೂ ಒಡೆದಿಲ್ಲ.

ಹೆಂಗಸರಿಗೆ ಹೀಗೆ ಹೇಳು. ಡಿಎನ್‌ಎ ಎಂದರೆ ನಮ್ಮ ಮೈಯಲ್ಲಿರುವ ಬಹಳ ಸಣ್ಣ ಎಳೆ. ಅಂಥದ್ದೇ ಒಂದು ಚಿಕ್ಕ ತುಂಡನ್ನು ನಾವು ಮಾಡಿಸಿಕೊಳ್ಳುತ್ತೇವೆ. ಅದರ ಒಂದು ತುದಿಗೆ ಹೊಳೆಯುವ ಬಣ್ಣ ಅಂಟಿಸುತ್ತೇವೆ, ಇನ್ನೊಂದು ತುದಿಗೆ ಆ ಹೊಳಪನ್ನು ನುಂಗುವ ಕಣ. ಎಳೆ ಮಡಚಿಕೊಂಡಿರುವಾಗ ಎರಡು ತುದಿಯೂ ಒಂದಕ್ಕೊಂದು ತಾಗಿರುತ್ತವೆ, ಬೆಳಕು ಬರುವುದಿಲ್ಲ. ಗಡ್ಡೆ ಇರುವವರ ರಕ್ತದಲ್ಲಿ ಕೆಲವು ಗುರುತುಗಳು ಹೆಚ್ಚಾಗಿರುತ್ತವೆ. ಅಂಥ ಗುರುತು ಬಂದು ಎಳೆಯನ್ನು ಹಿಡಿದುಕೊಂಡರೆ ಮಡಿಕೆ ಬಿಚ್ಚುತ್ತದೆ, ತುದಿಗಳು ದೂರವಾಗುತ್ತವೆ, ಬಣ್ಣ ಹೊಳೆಯುತ್ತದೆ. ಕಣ್ಣಿಗೆ ಕಾಣುವ ಹೊಳಪಲ್ಲ, ಯಂತ್ರ ಅಳೆಯುತ್ತದೆ. ನಾವು ಹುಡುಕುತ್ತಿರುವುದು ನಾಲ್ಕು ಗುರುತು, ಅದಕ್ಕೆ ನಾಲ್ಕು ಎಳೆ, ನಾಲ್ಕು ಬಣ್ಣ. ಎಲ್ಲವೂ ಅಂಡಾಶಯದ ಕ್ಯಾನ್ಸರಿಗೆ ಸಂಬಂಧಿಸಿದವು.

ಹೊಳೆದರೆ ಕ್ಯಾನ್ಸರ್ ಇದೆ ಎಂದಲ್ಲ. ಸ್ಕ್ಯಾನ್ ಮಾಡಿಸಿ ನೋಡಿ ಎಂದಷ್ಟೇ. ಈ ವಿಧಾನವೇ ಇನ್ನೂ ಪರೀಕ್ಷೆಯಲ್ಲಿದೆ. ಅವರನ್ನು ಹೆದರಿಸಬೇಡ.

ಈ ಕೆಲಸಕ್ಕೆ ನಾನು ಸೇರಿದಾಗ ಅವ್ವ ಚೆನ್ನಾಗಿದ್ದಳು. ಅವ್ವನ ಹೊಟ್ಟೆಯಲ್ಲಿ ನೀರು ತುಂಬಿದ್ದು ನಿನಗೆ ಫೆಬ್ರವರಿಯಲ್ಲೇ ಗೊತ್ತಿತ್ತು. ನನಗೆ ನೀನು ಫೋನ್ ಮಾಡಿದ್ದು ಮೇ ಹದಿನಾರಕ್ಕೆ, "ಅವ್ವ ಹೋದಳು" ಎನ್ನಲು. ಅದೇ ರೋಗದ ಮೇಲೆ ಕೆಲಸ ಮಾಡುವವಳಿಗೆ ನೀನು ಮೂರು ತಿಂಗಳು ಹೇಳಲಿಲ್ಲ. ಬೈಯಲು ಬರೆಯುತ್ತಿಲ್ಲ. ಈಗ ಸಿಟ್ಟೂ ಇಲ್ಲ, ಏನೂ ಇಲ್ಲ. ಕೇಳಿಯೇ ಇರಲಿಲ್ಲವಲ್ಲ, ಅದಕ್ಕೆ ಕೇಳುತ್ತಿದ್ದೇನೆ. ಏಕೆ ಹೇಳಲಿಲ್ಲ?

ಅನುಷಾ

*

ಕುಷ್ಟಗಿ
೨೯ ಜುಲೈ ೨೦೨೫

ಅನೂ,

ಕೇಳಿದೆಯಲ್ಲ, ಹೇಳುತ್ತೇನೆ. ನಿನಗೊಬ್ಬಳಿಗೇ ಅಲ್ಲ, ಅವ್ವನಿಗೂ ನಾನು ಹೇಳಿರಲಿಲ್ಲ. ಡಾಕ್ಟರ ಎದುರು ಕೈ ಮುಗಿದು ನಿಂತು "ಆಕೀಗೆ ಹೇಳಬ್ಯಾಡ್ರಿ ಸಾಹೇಬ್ರ, ಎದಿ ಒಡಕೊಂಡ ಬಿಡ್ತಾಳ" ಎಂದೆ. ನಮ್ಮ ಕಡೆ ಯಾರು ಹೇಳುತ್ತಾರೆ, ನೀನೇ ಹೇಳು. ಊರಿಗೆಲ್ಲ ಗೊತ್ತಿರುತ್ತದೆ, ಮಲಗಿದವರಿಗೆ ಮಾತ್ರ ಗೊತ್ತಿರುವುದಿಲ್ಲ. ನಿನಗೆ ಹೇಳಿದ್ದರೆ ನೀನು ಓಡಿ ಬರುತ್ತಿದ್ದೆ, ನಿನ್ನ ಮುಖ ನೋಡಿ ಅವ್ವನಿಗೆ ತಿಳಿಯುತ್ತಿತ್ತು. ಅವ್ವ ಕೊನೆಯವರೆಗೂ ಅದನ್ನು ಗ್ಯಾಸ್ ಎಂದೇ ತಿಳಿದಿದ್ದಳು. ನಾನು ಮಾಡಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ಅದರ ಬಗ್ಗೆ ಯೋಚಿಸುವುದನ್ನು ಬಿಟ್ಟಿದ್ದೇನೆ. ನಿನಗೆ ಏನೂ ಅನ್ನಿಸುವುದಿಲ್ಲ ಎಂದೆಯಲ್ಲ, ನನಗೂ ಅಷ್ಟೇ.

ನೀನು ಬರೆದದ್ದನ್ನು ಹೆಂಗಸರಿಗೆ ಓದಿ ಹೇಳಿದೆ. ಹುಲಗೆಮ್ಮನಿಗೆ ಮಡಿಕೆ ಬಿಚ್ಚುವುದು ಬಹಳ ಹಿಡಿಸಿತು, ನೆರಿಗೆ ಹಿಡಿದು ಬಿಟ್ಟು ತೋರಿಸಿ ಎಲ್ಲರನ್ನೂ ನಗಿಸಿದಳು.

ನಮ್ಮ ಮನೆಯವರು, ನಿನ್ನ ಯಂಕೋಬ ಮಾವ, ಚೆನ್ನಾಗಿದ್ದಾರೆ. ಪುರಸಭೆಯ ನೀರು ಬಿಡುವ ಕೆಲಸ ಗೊತ್ತೇ ಇದೆಯಲ್ಲ, ನಾಲ್ಕು ದಿನಕ್ಕೊಮ್ಮೆ ನೀರು, ದಿನಾ ಬೈಗುಳ. ನಾನು ದಪ್ಪಗಾಗಿದ್ದೇನೆ ಎಂದು ಚೇಷ್ಟೆ ಮಾಡುತ್ತಾರೆ. ದಪ್ಪವೇನಿಲ್ಲ, ಹೊಟ್ಟೆ ಉಬ್ಬರ. ಎರಡು ತಿಂಗಳಿಂದ ಎರಡು ತುತ್ತು ತಿಂದರೆ ಸಾಕೆನಿಸುತ್ತದೆ. ಅಜವಾನದ ನೀರು ಕುಡಿಯುತ್ತಿದ್ದೇನೆ.

ಅಕ್ಕ

*

ಧಾರವಾಡ
೨೧ ಆಗಸ್ಟ್ ೨೦೨೫

ಅಕ್ಕಾ,

ಮೂರು ಟ್ಯೂಬು ಹೊಳೆದಿವೆ. ನಿನ್ನ ಕ್ಯಾಂಪಿನ ಐವತ್ತೆಂಟು, ಐವತ್ತೊಂಬತ್ತು, ಅರವತ್ತು.

ಮೊದಲು ನನಗೆ ಖುಷಿಯಾಯಿತು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ನಾವೇ ಬೆರೆಸಿಕೊಟ್ಟ ಗುರುತಿಗೆ ಚೆನ್ನಾಗಿ ಹೊಳೆಯುವ ಈ ಎಳೆಗಳು ನಿಜವಾದ ರಕ್ತಕ್ಕೆ ಬಂದರೆ ನಾಲ್ಕು ವರ್ಷದಿಂದ ಮಂಕಾಗುತ್ತಲೇ ಇದ್ದವು. ಈ ಸಲ ಇಷ್ಟು ಎತ್ತರಕ್ಕೆ ಗೆರೆ ಏರಿದ್ದನ್ನು ಕಂಡು ಪಕ್ಕದ ಕೋಣೆಗೆ ಓಡಿ ನಮ್ಮ ಗೈಡ್ ಶಾಂತಕುಮಾರ ಸರ್ ಅವರನ್ನು ಕರೆತಂದೆ. ಸರ್ ಅಂಕಿಗಳನ್ನು ನೋಡಿ ಕನ್ನಡಕ ತೆಗೆದರು. "ಮೂರೂ ಒಂದ ನಮೂನಿ ಅದಾವಲ್ಲ. ಹೆಂಗ?" ಎಂದರು.

ಒಂದು ಗುರುತಿನ ಅಂಕಿ ಇಬ್ಬರಲ್ಲಿ ಒಂದೇ ಆಗಿರಬಹುದು. ನಾಲ್ಕು ಗುರುತೂ ಮೂವರಲ್ಲಿ ಒಂದೇ ಆಗಿರುವುದು ಆಗದ ಮಾತು. ನನ್ನ ಕೈಯಲ್ಲೇ ಟ್ಯೂಬು ಬೆರೆತಿರಬೇಕು ಎಂದು ಸರ್ ಅಂದುಕೊಂಡರು. ಉಳಿಸಿಟ್ಟ ರಕ್ತದಿಂದ ಮತ್ತೆ ಮಾಡಿದೆ, ಮೂರು ಸಲ. ಬದಲಾಗಲಿಲ್ಲ. ಅಕ್ಕಾ, ಆ ಮೂರೂ ಒಂದೇ ತೋಳಿನಿಂದ ಬಂದ ರಕ್ತ.

ಯಾಕೆ ಹಾಗಾಯಿತು ಎಂದು ನಾನು ಈಗ ಕೇಳುವುದಿಲ್ಲ. ಅಮಾವಾಸ್ಯೆಗೆ ಮೂವರು ಬಂದಿರಲಿಕ್ಕಿಲ್ಲ, ಯಾರೋ ಒಬ್ಬಳು ಮೂವರ ಪಾಲಿನದನ್ನು ಕೊಟ್ಟಿರಬೇಕು. ಆಕೆಯ ಹೆಸರೂ ನನಗೆ ಬೇಡ, ನಿಯಮದಂತೆ ನಾನು ತಿಳಿದುಕೊಳ್ಳಬಾರದು. ಆದರೆ ಅದು ಯಾರೆಂದು ನಿನಗೆ ಗೊತ್ತು. ಆಕೆಯನ್ನು ಈ ವಾರವೇ ಕೊಪ್ಪಳಕ್ಕೆ ಕರೆದುಕೊಂಡು ಹೋಗಿ ಹೊಟ್ಟೆಯ ಸ್ಕ್ಯಾನ್ ಮಾಡಿಸು. ತಡಮಾಡಬೇಡ. ಈ ರೋಗದಲ್ಲಿ ಬೇಗ ಸಿಕ್ಕುವುದೇ ಎಲ್ಲ.

ಅನುಷಾ

*

ಕುಷ್ಟಗಿ
೩೦ ಆಗಸ್ಟ್ ೨೦೨೫

ಅನೂ,

ಕಾಗದ ಮುಟ್ಟಿತು. ಆಕೆ ಈಗ ಊರಲ್ಲಿಲ್ಲ, ದುಡಿಯಲು ಹೋಗಿದ್ದಾಳೆ. ಆ ಮೂರು ಟ್ಯೂಬು ಚೆಲ್ಲಿಬಿಡು. ಉಳಿದ ಐವತ್ತೇಳು ಸಾಲುವುದಿಲ್ಲವೇನು?

ದಾಳಿಂಬೆ ಕಳಿಸಿದ್ದೇನೆ. ಗಟ್ಟಿ ನೋಡಿ ಆರಿಸಿದ್ದು, ನಾಲ್ಕು ದಿನ ಇಟ್ಟು ತಿನ್ನು.

ಅಕ್ಕ

*

ಕುಷ್ಟಗಿ
೯ ಸೆಪ್ಟೆಂಬರ್ ೨೦೨೫

ಅನುಷಾ ಮೇಡಂ ಅವರಿಗೆ ಇಮಾಮಬೀ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರ ಓದಿದೆ. ನೀವು ಹೆಸರು ಕೇಳಿಲ್ಲ. "ಆಕೆ ಊರಲ್ಲಿಲ್ಲವಂತೆ, ನಿಜವೇ?" ಎಂದಷ್ಟೇ ಕೇಳಿದ್ದೀರಿ. ನಿಜವಲ್ಲ ಮೇಡಂ. ಊರಲ್ಲೇ ಇದ್ದಾರೆ. ನಿನ್ನೆಯೂ ನನ್ನ ಜೊತೆ ಪೋಲಿಯೋ ಪಟ್ಟಿ ಬರೆದರು.

ಅವತ್ತು ಪಾರ್ವತೆಮ್ಮ, ಹುಲಗೆಮ್ಮ, ಮುದಕಮ್ಮ ಮೂವರೂ ಅಮಾವಾಸ್ಯೆ ಎಂದು ಬರಲಿಲ್ಲ. ನಾನು ಡಬ್ಬಿ ಮುಚ್ಚುತ್ತಿದ್ದೆ. ಹೇಮಾವತಿ ಅಕ್ಕ ಕುರ್ಚಿಯಲ್ಲಿ ಕುಳಿತು ತೋಳು ಚಾಚಿದರು. "ಒಂದs ಸಲ ಚುಚ್ಚು, ಮೂರೂ ತುಂಬಿಕೋ. ನನ್ನ ತಂಗಿಗೆ ಅರವತ್ತು ಬೇಕಂತ" ಎಂದರು. ನಾನು ಬೇಡವೆಂದೆ. "ನಂದು ಛಲೋ ರಕ್ತ ಐತಿ, ಯಾರಿಗೂ ಗೊತ್ತಾಗಂಗಿಲ್ಲ" ಎಂದು ನಕ್ಕರು. ಚುಚ್ಚಿದ್ದು ನಾನೇ, ತಪ್ಪು ನನ್ನದೂ ಇದೆ. ನೀವು ಯಾರಿಗೆ ತಿಳಿಸಬೇಕೋ ತಿಳಿಸಿರಿ.

ಈಗ ಅವರ ಹೊಟ್ಟೆ ಎದ್ದು ಕಾಣುತ್ತದೆ. ನಾನು ಏನು ಹೇಳಿದರೂ ಬೇರೆ ಮಾತು ತೆಗೆಯುತ್ತಾರೆ. ನೀವು ಬನ್ನಿರಿ.

ಇಂತಿ,
ಇಮಾಮಬೀ

*

ಧಾರವಾಡ
೧೬ ಸೆಪ್ಟೆಂಬರ್ ೨೦೨೫

ಅಕ್ಕಾ,

ಭಾನುವಾರ ನಾನು ಬಂದಿದ್ದು ಸುಮ್ಮನೆ ನಿನ್ನನ್ನು ನೋಡಿ ಹೋಗಲು ಅಲ್ಲ. ಇಮಾಮಬೀ ಬರೆದಿದ್ದಾರೆ. ನನಗೆ ಗೊತ್ತಿದೆ.

ಅವರ ಪತ್ರ ಓದಿದಾಗ ನಾನು ಅಳಲಿಲ್ಲ. ತೊಳೆಯಲು ಇಟ್ಟಿದ್ದ ಗಾಜಿನ ಸಾಮಾನುಗಳನ್ನು ತೊಳೆದೆ, ತೊಳೆದವನ್ನೇ ಮತ್ತೆ ತೊಳೆದೆ. ಯಾವುದೋ ಗುರುತಿಲ್ಲದ ಹೆಂಗಸಿಗೆ ಬರೆಯುವಾಗ "ತಡಮಾಡಬೇಡ" ಎಂದು ಎಷ್ಟು ಸಲೀಸಾಗಿ ಬರೆದಿದ್ದೆ. ಆಮೇಲೆ ಸರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಆ ಮೂರು ಟ್ಯೂಬನ್ನು ಅಧ್ಯಯನದಿಂದ ತೆಗೆದುಹಾಕಿದ್ದಾರೆ. ನಾವು ನಲವತ್ತು ದಾಟಿದವರನ್ನಷ್ಟೇ ಸೇರಿಸಿಕೊಳ್ಳುವುದು, ನಿನಗೆ ಮೂವತ್ತೆಂಟು, ಹಾಗಾಗಿ ನಮ್ಮ ಯಾವ ಪಟ್ಟಿಯಲ್ಲೂ ನಿನ್ನ ಹೆಸರಿಲ್ಲ. ನಿಯಮದಂತೆ ನಿನ್ನ ರಕ್ತದಲ್ಲಿ ಕಂಡದ್ದನ್ನು ನಾವು ಯಾರಿಗೂ ತಿಳಿಸಬೇಕಾಗಿಲ್ಲ. ಸರ್ ಮಾತ್ರ "ನೀ ಮೊದಲ ಊರಿಗೆ ಹೋಗವಾ" ಎಂದರು.

ಬಂದೆ. ನೀನು ರೊಟ್ಟಿ ಬಡಿದೆ, ಹೆಸರುಕಾಳಿನ ಪಲ್ಯ ಮಾಡಿದೆ, ಮಜ್ಜಿಗೆ ಬಡಿಸಿದೆ. ನನ್ನ ಕೂದಲು ಉದುರುತ್ತಿರುವುದರಿಂದ ಹಿಡಿದು ಪಕ್ಕದ ಓಣಿಯ ಮದುವೆಯವರೆಗೆ ಮಾತಾಡಿದೆ. ನೀನು ಅರ್ಧ ರೊಟ್ಟಿಗೆ ಎದ್ದದ್ದನ್ನು ನೋಡಿದೆ. ಐದು ತಾಸು ನಿನ್ನ ಎದುರು ಕೂತಿದ್ದೆ, ಬಾಯಿ ಬರಲಿಲ್ಲ. ಐದರ ಬಸ್ಸಿಗೆ ನೀನೇ ಬಂದು ಹತ್ತಿಸಿದೆ. ಬಸ್ಸು ಗಜೇಂದ್ರಗಡ ದಾಟಿದ ಮೇಲೆ ತಿಳಿಯಿತು, ನಿನ್ನ ಮೇಲೆ ಎರಡು ವರ್ಷ ಯಾವುದಕ್ಕೆ ಮುನಿಸಿಕೊಂಡಿದ್ದೆನೋ ಅದನ್ನೇ ನಾನೂ ಮಾಡಿಕೊಂಡು ಬಂದಿದ್ದೇನೆ. ಹೇಳಬಾರದೆಂದು ಅಲ್ಲ. ಎದುರಿಗೆ ಕೂತವರ ಮುಖ ನೋಡಿಕೊಂಡು ಹೇಳಲು ಆಗುವುದಿಲ್ಲ. ನಿನಗೂ ಹೀಗೇ ಆಗಿತ್ತೇನೋ.

ಅದಕ್ಕೇ ಬರೆಯುತ್ತಿದ್ದೇನೆ. ಆ ರಕ್ತ ನಿನ್ನದು. ಅವ್ವನಿಗೆ ಇದ್ದದ್ದು ನಿನಗೂ ಇರಬಹುದು. ಇಲ್ಲದೆಯೂ ಇರಬಹುದು. ಸ್ಕ್ಯಾನ್ ಮಾಡಿಸು. ಮಾಡಿಸುತ್ತೇನೆ ಎಂದು ಒಂದು ಸಾಲು ಬರೆ.

ಅನು

*

ಕುಷ್ಟಗಿ
೪ ಅಕ್ಟೋಬರ್ ೨೦೨೫

ಅನೂ,

ಮಾಡಿಸಿದೆ. ಆದರೆ ಮೊದಲು ಇನ್ನೊಂದು ಕೆಲಸ ಇತ್ತು. ಆ ಮೂವರು ತಮ್ಮ ರಕ್ತ ಪರೀಕ್ಷೆಯಾಗಿದೆ, ಚೀಟಿ ಬಂದಿಲ್ಲವೆಂದರೆ ತಾವು ಗಟ್ಟಿ ಎಂದು ತಿಳಿದು ಓಡಾಡುತ್ತಿದ್ದರು. ಅಮಾವಾಸ್ಯೆ ಮುಗಿದ ಮೇಲೆ "ದವಾಖಾನ್ಯಾಗ ಹಿಂದ ತೆಗೆದಿಟ್ಟ ನಿಮ್ಮ ರಕ್ತಾನs ಕಳಿಸೀನಿ, ನಿಮ್ಮದೂ ಆತು ಬಿಡ್ರಿ" ಎಂದು ನಾನೇ ಸುಳ್ಳು ಹೇಳಿದ್ದೆ. ಮೂರೂ ಮನೆಗೆ ಹೋಗಿ ನಿಜ ಹೇಳಿದೆ. ಪಾರ್ವತೆಮ್ಮ ನಕ್ಕಳು, ಹುಲಗೆಮ್ಮ ಎದ್ದು ಒಳಗೆ ಹೋದಳು. ಮುದಕಮ್ಮ ಮಾತ್ರ ಹೊಸ್ತಿಲಿಗೆ ಬಂದು ನಿಂತು ಕೇಳಿದಳು: "ನನ್ನ ಹೆಸರಿಲೆ ನೀ ರಕ್ತ ಕೊಟ್ಟೀಯಂದ್ರ, ನನ್ನ ಜಡ್ಡು ನಿನಗ ಹತ್ತಿದಂಗ ಆತಲ್ಲೊ ಯವ್ವಾ. ಕೇಳಿದ್ರ ಮರುದಿನ ಮುಂಜಾನೆ ನಾನs ಬರ್ತಿದ್ದೆ." ಹೌದು, ಮರುದಿನ ಬರುತ್ತಿದ್ದಳು. ಒಂದು ದಿನ ತಡೆಯುವ ಬುದ್ಧಿ ನನಗೆ ಬರಲಿಲ್ಲ. ಮೂವರ ರಕ್ತವನ್ನೂ ಇಮಾಮಬೀ ಹೊಸದಾಗಿ ತೆಗೆದಿದ್ದಾಳೆ. ನಿಮ್ಮ ಸರ್ ಒಪ್ಪಿದರೆ ಕಳಿಸುತ್ತಾಳೆ. ನನ್ನ ಮೇಲಿನವರಿಗೂ ಬರೆದುಕೊಟ್ಟಿದ್ದೇನೆ, ಏನು ಮಾಡುತ್ತಾರೋ ಮಾಡಲಿ.

ಸೋಮವಾರ ಕೊಪ್ಪಳಕ್ಕೆ ಹೋದೆವು. ಹೊಟ್ಟೆಯ ಮೇಲೆ ತಣ್ಣನೆಯದೇನೋ ಸವರಿ ನೋಡಿದರು. ಎಡಗಡೆ ಗಡ್ಡೆ ಇದೆ, ನಿಂಬೆಹಣ್ಣಿಗಿಂತ ದೊಡ್ಡದು, ಹೊಟ್ಟೆಯಲ್ಲಿ ನೀರೂ ಸೇರಿದೆ. ಇಷ್ಟನ್ನು ನನಗೆ ಯಾರೂ ಹೇಳಿಲ್ಲ. ನಾನು ಸೀರೆ ಸರಿಮಾಡಿಕೊಳ್ಳುತ್ತಿದ್ದಾಗ ಪರದೆಯ ಆಚೆ ಡಾಕ್ಟರು ಹೇಳಿದ್ದು ಕೇಳಿಸಿತು, ಅದಕ್ಕೆ ಯಂಕೋಬ ಅಂದದ್ದೂ ಕೇಳಿಸಿತು. "ಸಾಹೇಬ್ರ, ಆಕೀಗೆ ಮಾತ್ರ ಹೇಳಬ್ಯಾಡ್ರಿ. ಗ್ಯಾಸ್ ಅಂತ ಹೇಳ್ರಿ."

ನಾನು ಹೇಳಿದ್ದ ಮಾತೇ. ಹೆಚ್ಚೂಕಡಿಮೆ ಅದೇ ದನಿಯಲ್ಲಿ. ನನಗೆ ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಗೋಡೆಗೆ ಅಂಟಿಸಿದ್ದ ಬಸುರಿಯರ ಆಹಾರದ ಚಾರ್ಟನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಹೊರಗೆ ಬಂದು "ಏನಂದ್ರು?" ಎಂದೆ. "ಏನಿಲ್ಲ, ಗ್ಯಾಸ್ ಅಂತ. ಸಣ್ಣ ಆಪರೇಷನ್ ಆದ್ರ ಆತು" ಎಂದರು. "ಹೌದಾ" ಎಂದೆ. ಬಸ್ಸಿನಲ್ಲಿ ಕಿಟಕಿಯ ಸೀಟು ನನಗೇ ಕೊಟ್ಟರು. ಅವ್ವನಿಗೂ ನಾನು ಆಗ ಕಿಟಕಿಯ ಸೀಟೇ ಕೊಡುತ್ತಿದ್ದೆ. ಈಗ ತಿಳಿಯಿತು, ಅವ್ವನಿಗೆ ಎಲ್ಲ ಗೊತ್ತಿತ್ತು ಅನೂ. ಗೊತ್ತಿದ್ದೂ ಒಬ್ಬಳೇ ಇದ್ದಳು.

ಹದಿನಾರಕ್ಕೆ ಹುಬ್ಬಳ್ಳಿಯಲ್ಲಿ ಆಪರೇಷನ್. ತೆಗೆದದ್ದನ್ನು ಪರೀಕ್ಷೆಗೆ ಕಳಿಸುತ್ತಾರಂತೆ. ಅದರ ಫಲಿತಾಂಶ ಯಂಕೋಬರ ಫೋನಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ಇರುವುದರಿಂದ ಅವರು ನಿನ್ನನ್ನೇ ಕೇಳುತ್ತಾರೆ, ನನಗೆ ಹೇಳಬೇಡ ಎಂದೂ ಅನ್ನುತ್ತಾರೆ. ನೀನು ಏನು ಮಾಡುತ್ತೀಯೋ ನಾನು ಕಾಣೆ. ನನಗೆ ಹೇಳು ಎಂದು ನಿನ್ನನ್ನು ಕೇಳುವ ಮುಖ ನನಗಿಲ್ಲ.

ನಿನ್ನ ಅಕ್ಕ

*

ಧಾರವಾಡ
೬ ನವೆಂಬರ್ ೨೦೨೫

ಅಕ್ಕಾ,

ಈ ಕಾಗದವನ್ನು ಇಮಾಮಬೀ ನಿನ್ನ ಕೈಗೇ ಕೊಡುತ್ತಾರೆ. ಆಸ್ಪತ್ರೆಯಲ್ಲಿ ಹತ್ತು ದಿನ ನಿನ್ನ ಪಕ್ಕದಲ್ಲಿದ್ದೆ, ಆಗ ನನಗೂ ಏನೂ ಗೊತ್ತಿರಲಿಲ್ಲ. ನೀನು ಕೇಳಲಿಲ್ಲ, ನಾನೂ ತೆಗೆಯಲಿಲ್ಲ. ಹೊಲಿಗೆ ಒಣಗಿದೆ ಎಂದು ನಿನ್ನೆ ಮಾವ ಹೇಳಿದರು. ಆಮೇಲೆ ರಿಪೋರ್ಟಿನ ಫೋಟೋ ಕಳಿಸಿದರು. "ಓದಿ ನನಗಷ್ಟs ಹೇಳವಾ, ಆಕೀಗೆ ಬ್ಯಾಡ" ಎಂದರು. ಓದಿ ಅವರಿಗೆ ಹೇಳಿದೆ. ಅವರು ಫೋನಿನಲ್ಲೇ ಅತ್ತರು. ನಿನಗೆ ಹೇಳುವುದಿಲ್ಲ ಎಂದು ಮಾತು ಕೊಡಲು ಕೇಳಿದರು. ನಾನು ಕೊಡಲಿಲ್ಲ.

ಅಕ್ಕಾ, ಅದು ಕ್ಯಾನ್ಸರ್. ಎಡ ಅಂಡಾಶಯದಲ್ಲಿ ಹುಟ್ಟಿ ಪಕ್ಕದ ನಳಿಕೆಗೆ ಹಬ್ಬಿದೆ, ಅದರಾಚೆ ಹೋಗಿಲ್ಲ. ಹೊಟ್ಟೆಯ ನೀರಿನಲ್ಲಿ ಸಿಕ್ಕಿಲ್ಲ. ಎರಡನೇ ಹಂತ ಎನ್ನುತ್ತಾರೆ. ಅವ್ವನದು ಸಿಕ್ಕಾಗ ನಾಲ್ಕನೆಯದಿತ್ತು. ಕಾಣುವುದನ್ನೆಲ್ಲ ತೆಗೆದಿದ್ದಾರೆ. ಇನ್ನು ಆರು ಸಲ ಔಷಧ ಏರಿಸಬೇಕು, ಮೂರು ವಾರಕ್ಕೊಮ್ಮೆ. ಕೂದಲು ಉದುರುತ್ತದೆ, ವಾಂತಿಯಾಗುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ. ಇಂಥ ಹಂತದಲ್ಲಿ ಸಿಕ್ಕವರಲ್ಲಿ ಬಹಳ ಜನ ಉಳಿಯುತ್ತಾರೆ, ಎಲ್ಲರೂ ಅಲ್ಲ. ಮತ್ತೆ ಬರುವುದೂ ಇದೆ. ನನಗೆ ಗೊತ್ತಿರುವುದು ಇಷ್ಟು. ಒಂದನ್ನೂ ಮುಚ್ಚಿಟ್ಟಿಲ್ಲ, ಒಂದನ್ನೂ ಸಿಹಿ ಮಾಡಿಲ್ಲ.

ಇದನ್ನು ಬರೆಯುವಾಗಲೂ ನನಗೆ ಅಳು ಬರುತ್ತಿಲ್ಲ. ಬರುತ್ತದೆ ಎಂದು ಕಾಯುತ್ತಿದ್ದೇನೆ. ನಿನಗೂ ಓದಿದ ಕೂಡಲೇ ಏನೂ ಆಗದಿದ್ದರೆ ಗಾಬರಿಯಾಗಬೇಡ.

ಮೊದಲ ಔಷಧ ಹದಿನೇಳನೇ ತಾರೀಖು, ಸೋಮವಾರ. ನಾನು ಶನಿವಾರವೇ ಬರುತ್ತೇನೆ. ಏನು ಕೇಳಬೇಕೆಂದಿದ್ದೀಯೋ ಅಷ್ಟನ್ನೂ ಕೇಳು, ಈ ಸಲ ಎದುರು ಕೂತೇ ಹೇಳುತ್ತೇನೆ.

ಓದಿ ಮುಗಿಸಿದ ಮೇಲೆ ಈ ಕಾಗದವನ್ನು ಬಚ್ಚಿಡಬೇಡ. ಮಾವನ ಕೈಗೆ ಕೊಡು. ಪಾಪ, ನಿನ್ನೆಯಿಂದ ಅವರೊಬ್ಬರೇ ನಿನ್ನೆದುರು ನಗುತ್ತಾ ಓಡಾಡುತ್ತಿದ್ದಾರೆ.

ನಿನ್ನ ತಂಗಿ,
ಅನು